ಬಿಳಿ ಹೂವಿನ ನೆರಳು

ಯಾವುದನ್ನು ನೋಡಬೇಕಾದರೂ ಆಪಾ ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊತ್ತಂಬರಿ ಕಟ್ಟು ಕೊಳ್ಳುವಾಗಲೂ ಹಾಗೆಯೇ, ಕರೆಂಟ್ ಬಿಲ್ ಓದುವಾಗಲೂ ಹಾಗೆಯೇ. ಮುಚ್ಚಿ ಮುಚ್ಚಿ ಆ ಕಣ್ಣಿನ ಕೊನೆಯಲ್ಲಿ ಬಲಗಣ್ಣಿಗಿಂತ ಎರಡರಷ್ಟು ಸುಕ್ಕುಗಳಿದ್ದವು. ವಯಸ್ಸಿನಲ್ಲಿದ್ದಾಗ ತರಕಾರಿ ಗಾಡಿಯವನೊಬ್ಬ ಇದನ್ನು ಅಪಾರ್ಥ ಮಾಡಿಕೊಂಡು ಒಂದು ತಿಂಗಳು ಪುಕ್ಕಟೆ ನಿಂಬೆಹಣ್ಣು ಕೊಟ್ಟಿದ್ದನಂತೆ. ಅದನ್ನು ಹೇಳಿಕೊಂಡು ಅವರೇ ಬಿದ್ದು ಬಿದ್ದು ನಗುತ್ತಿದ್ದರು.

ಅದು ಕೆಲಸದಿಂದ ಬಂದ ಅಭ್ಯಾಸ. ಶಿಡ್ಲಘಟ್ಟದಲ್ಲಿ ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಕೋಠಿಯೊಂದರಲ್ಲಿ ಅವರು ನಿವೃತ್ತಿಯಾಗುವ ತನಕ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದವರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಆ ರಸದ ಹನಿಯಲ್ಲಿ ಗಂಟುರೋಗದ ಕಣ ಇದೆಯೇ ಎಂದು ಹುಡುಕುವುದು ಅವರ ಕೆಲಸ. ಒಂದು ಕಣ ಕಂಡರೂ ಅದರ ಮೊಟ್ಟೆಯನ್ನೆಲ್ಲ ಸುಟ್ಟುಬಿಡಬೇಕು. ರೈತರಿಗೆ ತೋರಿಸಲು ಹುಳು, ಚಿಟ್ಟೆ, ರೋಗಗಳ ಚಿತ್ರಪಟವನ್ನು ನೀರುಬಣ್ಣದಲ್ಲಿ ಬರೆದುಕೊಡುತ್ತಿದ್ದವರೂ ಅವರೇ. ಕುಂಚ ಕೈಗೆ ಬಂದದ್ದು ಹಾಗೆ.

ನಾನು ನಗರಗೆರೆಯವಳು, ಹೈಸ್ಕೂಲಿನ ಕನ್ನಡ ಟೀಚರು. ವರ್ಗವಾಗಿ ಬಂದು ಅವರ ಮನೆಯ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಬೀದಿಯವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಎಂದೆ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ, ಒಬ್ಬ ತಮ್ಮ ಚಿಂತಾಮಣಿಯಲ್ಲಿದ್ದರು. ನನಗೋ, ಎರಡು ಸಲ ಮದುವೆ ಮಾತು ಮುರಿದ ಮೇಲೆ ಊರಿಗೆ ಹೋದರೆ ಎಲ್ಲರೂ ಅದೇ ಪ್ರಶ್ನೆ ಕೇಳುತ್ತಾರೆಂದು ಹೋಗುವುದೇ ಬೇಡವಾಗಿತ್ತು. ಒಂದೇ ಮನೆಯಲ್ಲಿ ಮೇಲೊಬ್ಬಳು, ಕೆಳಗೊಬ್ಬರು ಒಂಟಿಯಾಗಿದ್ದೆವು. ಸಂಜೆ ಅವರ ಕುಕ್ಕರಿನ ಸೀಟಿ ಒಂದೇ ಸಲ ಕೂಗಿ ಸುಮ್ಮನಾಗುತ್ತಿತ್ತು. ನನ್ನದೂ ಅಷ್ಟೇ.

ಅಂಗಳದಲ್ಲಿ ದೇವಕಣಗಿಲೆಯ ಮರವಿತ್ತು. ಗೋರಿಗಳ ಹತ್ತಿರ ಬೆಳೆಯುವ ಮರ ಮನೆ ಮುಂದೆ ಯಾಕೆ ಎಂದು ತಮ್ಮ ಬಂದಾಗಲೆಲ್ಲ ಗೊಣಗುತ್ತಿದ್ದರು. ಆಪಾ ಕೇಳಿಸದವರ ಹಾಗೆ ಇರುತ್ತಿದ್ದರು. ಭಾನುವಾರ ಬೆಳಗ್ಗೆ ಒಂದು ಗೊಂಚಲು ಕೊಯ್ದು, ಸೋರುವ ಹಾಲನ್ನು ಹತ್ತಿಯಿಂದ ಒರೆಸಿ, ಲೋಟದಲ್ಲಿಟ್ಟು ಕಿಟಕಿಯ ಪಕ್ಕ ಕೂರುತ್ತಿದ್ದರು. ವಾರವಾರವೂ ಅದೇ ಹೂವು. ಐದು ಬಿಳಿ ಎಸಳು, ನಡುವೆ ಹಳದಿ. ನನ್ನನ್ನೂ ಕೆಳಗೆ ಕರೆಯುತ್ತಿದ್ದರು.

"ಬಿಳಿ ಹೂವಿಗೆ ಬಿಳಿ ಬಣ್ಣ ಹಚ್ಚಬಾರದು ಟೀಚರಮ್ಮ. ಕಾಗದಾನೇ ಬಿಳಿ ಇದೆಯಲ್ಲ. ನೆರಳು ಮಾತ್ರ ಹಚ್ಚಿ, ಹೂವು ತಾನೇ ಏಳುತ್ತೆ" ಎನ್ನುತ್ತಿದ್ದರು. ಒಂದು ಚೂರು ನೀಲಿ, ಅದಕ್ಕೊಂದು ಚೂರು ಕಂದು, ಉಳಿದದ್ದೆಲ್ಲ ನೀರು. ಫ್ಯಾನ್ ಹಾಕುವಂತಿಲ್ಲ. ಒಂದು ಪದರ ಆರುವ ತನಕ ಕೈಕಟ್ಟಿ ಕೂರಬೇಕು. "ಬರೆಯೋದು ಯಾರಿಗಾದ್ರೂ ಬರುತ್ತೆ. ಕಾಯೋದು ಬರಲ್ಲ." ಕಾಯುವ ಹೊತ್ತಿನಲ್ಲಿ ಟೀ ಬರುತ್ತಿತ್ತು. ಕೊನೆಗೆ ಚಿತ್ರವನ್ನು ನನ್ನ ಕಡೆ ತಿರುಗಿಸಿ, "ಹೇಗಿದೆ?" ಎಂದು ಕೇಳುತ್ತಿದ್ದರು. ಶುರುವಿನ ವರ್ಷಗಳಲ್ಲಿ ನಾನು ಕೊಟ್ಟ ಉತ್ತರ ನಿಜವಾಗಿತ್ತು. ಮುಟ್ಟಿದರೆ ಬೆರಳಿಗೆ ಹಾಲು ಅಂಟೀತು ಎನ್ನುವಂಥ ಹೂವುಗಳವು.

ಆಮೇಲೆ ನೆರಳು ನೀಲಿಯಾಗತೊಡಗಿತು. ಮೊದಲು ಸ್ವಲ್ಪ, ಮಳೆಗಾಲ ಕಳೆಯುವಷ್ಟರಲ್ಲಿ ಇನ್ನೂ ಸ್ವಲ್ಪ. ಮುಂದಿನ ವರ್ಷಕ್ಕೆ ಎಸಳುಗಳು ಶಾಯಿ ಚೆಲ್ಲಿಕೊಂಡ ಮಕ್ಕಳ ಅಂಗಿಯ ಹಾಗಿದ್ದವು. ಆ ನೀಲಿ ನನಗೆ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಆದರೆ ವಾರವಿಡೀ ಅವರಿಗಿದ್ದದ್ದು ಆ ಒಂದು ಚಿತ್ರ, ಆ ಒಂದು ಪ್ರಶ್ನೆ. ಮುಖದಾಕ್ಷಿಣ್ಯ ನನ್ನ ಮನೆತನದ ರೋಗ. "ತುಂಬಾ ಚೆನ್ನಾಗಿದೆ ಆಪಾ" ಎಂದೆ. ಮುಂದಿನ ವಾರವೂ ಎಂದೆ. ಹಾಗೆನ್ನುತ್ತಲೇ ಎರಡು ವರ್ಷ ಕಳೆದೆ. ತಮ್ಮನ ಮಗಳ ಮದುವೆಗೆಂದು ಅಂಥದ್ದೊಂದು ಚಿತ್ರಕ್ಕೆ ಅವರು ಕಟ್ಟು ಹಾಕಿಸಿದಾಗ, ಅಂಗಡಿಗೆ ಹೊತ್ತುಕೊಂಡು ಹೋದವಳೂ ನಾನೇ.

ಒಂದು ದಿನ ಅಂಗಳದ ಮೆಟ್ಟಿಲು ಕಾಣದೆ ಬಿದ್ದರು. ತಮ್ಮ ಬಂದು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದಾಗ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಡಾಕ್ಟರು. ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದ ಸಂಜೆ ನನ್ನನ್ನು ಕೂಗಿದರು. ಕೆಳಗಿಳಿದು ನೋಡಿದರೆ ನೆಲದ ತುಂಬ ಚಿತ್ರಗಳು. ಕಪ್ಪು ಕನ್ನಡಕ ಕೈಯಲ್ಲಿ ಹಿಡಿದು ಅವರು ಒಮ್ಮೆ ಎಡಗಣ್ಣು ಮುಚ್ಚುತ್ತಿದ್ದರು, ಒಮ್ಮೆ ಬಲಗಣ್ಣು.

"ಹಳೇ ಕಣ್ಣಲ್ಲಿ ನೋಡಿದ್ರೆ ಸರಿಯಾಗಿದೆ. ಹೊಸ ಕಣ್ಣಲ್ಲಿ ನೋಡಿದ್ರೆ ಬರೀ ನೀಲಿ. ಪೊರೆ ನೀಲೀನ ನುಂಗ್ತಿತ್ತು, ನಾನು ಹಚ್ತಾನೇ ಹೋದೆ" ಎಂದರು. ಆಮೇಲೆ ಕೇಳಿದರು, "ನಿಮಗೆ ಕಾಣ್ತಿತ್ತಾ ಟೀಚರಮ್ಮ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕಾಣ್ತಿತ್ತು ಆಪಾ."

"ಎಷ್ಟು ದಿನದಿಂದ?"

"ಎರಡು ವರ್ಷ ಆಗಿರಬೇಕು."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಮಕ್ಕಳ ಪೇಪರಲ್ಲಿ ಒಂದು ದೀರ್ಘ ಬಿಟ್ಟರೂ ಕೆಂಪು ಗೆರೆ ಎಳೀತೀರಲ್ಲ, ನನಗೆ ಯಾಕೆ ಎಳೀಲಿಲ್ಲ?" ಎಂದರು.

"ನಿಮಗೆ ಬೇಜಾರಾಗುತ್ತೆ ಅಂತ..."

"ಹೊಗಳೋಕೆ ಬೀದಿಯೋರು ಸಾಕಮ್ಮ. ತಪ್ಪು ಹೇಳೋಕೆ ಮನೆಯೋರು ಬೇಕು. ನಿಮ್ಮನ್ನ ಮನೆಯೋರು ಅಂದ್ಕೊಂಡಿದ್ದೆ." ಚಿತ್ರಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿದರು. "ಆಗಲೇ ಹೇಳಿದ್ರೆ ಆಗಲೇ ಕಣ್ಣು ತೋರಿಸ್ತಿದ್ದೆ. ನನಗಿನ್ನೆಷ್ಟು ಭಾನುವಾರ ಉಳಿದಿದೆ ಹೇಳಿ?"

ಆ ಮಾತು ನನಗೆ ಬೇಕಾಗಿತ್ತು. ಅವರ ಮನಸ್ಸು ನೋಯದಿರಲೆಂದು ಸುಮ್ಮನಿದ್ದೆ ಎಂದುಕೊಂಡಿದ್ದೆ. ನಿಜವಾಗಿ ನಾನು ಉಳಿಸಿಕೊಂಡದ್ದು ಭಾನುವಾರದ ಟೀ, ಕೂರಲು ಒಂದು ಜಾಗ. ಅದು ಕೈತಪ್ಪೀತೆಂಬ ಹೆದರಿಕೆಗೆ ಅವರ ಎರಡು ವರ್ಷ ತಿಂದುಹಾಕಿದ್ದೆ.

ಆರು ಭಾನುವಾರ ಅವರು ಕರೆಯಲಿಲ್ಲ. ಕಿಟಕಿ ತೆರೆಯುವ ಸದ್ದು, ಲೋಟದ ಸದ್ದು ಮೇಲೆ ಕೇಳಿಸುತ್ತಿತ್ತು. ನಾನು ಹಾಸಿಗೆಯ ಮೇಲೆ ಪೇಪರು ಹರಡಿಕೊಂಡು, ತಿದ್ದಲಾಗದೆ ಕೂರುತ್ತಿದ್ದೆ. ಅಷ್ಟು ಒಂಟಿತನವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಏಳನೆಯ ಭಾನುವಾರ ಮೆಟ್ಟಿಲ ಬುಡದಿಂದ ಕೂಗು ಬಂತು. "ಟೀ ಆರಿಹೋಗ್ತಿದೆ, ಬರ್ತೀರೋ ಇಲ್ವೋ?" ಹೋದೆ. ಚಿತ್ರ ತಿರುಗಿಸಿ, "ಹೇಗಿದೆ?" ಎಂದರು. ಬಹಳ ಹೊತ್ತು ನೋಡಿ, "ಕೆಳಗಿನ ಎಸಳಿನ ನೆರಳು ಭಾರ ಆಯ್ತು ಆಪಾ" ಎಂದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಹೂಂ, ಆಗಿದೆ" ಎಂದು ಒದ್ದೆ ಕುಂಚದಿಂದ ಆ ಬಣ್ಣವನ್ನು ಮೆಲ್ಲಗೆ ಎತ್ತಿ ತೆಗೆದರು. ಆಮೇಲೆ ತಮ್ಮ ತಟ್ಟೆಯ ಬಿಸ್ಕತ್ತನ್ನೂ ನನ್ನ ಕಡೆ ತಳ್ಳಿದರು. ಅವತ್ತಿನಿಂದ ಅವರ ಬಾಯಲ್ಲಿ ಟೀಚರಮ್ಮ ಹೋಗಿ ಬೇಟಿಯಾದೆ, ಮಗಳಾದೆ, 'ನೀವು' ಹೋಗಿ 'ನೀನು' ಬಂತು.

ಅದಾದ ಮೇಲೆ ಒಂದು ವರ್ಷವೂ ಸಿಗಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಆಪಾಗೆ ಎರಡು ದಿನದಿಂದ ಜ್ವರ ಎಂದು ಫೋನ್ ಬಂತು, ಹಿಂದೆಯೇ ಇನ್ನೊಂದು ಫೋನ್. ನಾನು ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಒಳಗೆ ನೆಂಟರು ಚಿತ್ರಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನೀಲಿಯವೂ ಬಿಳಿಯವೂ ಬೆರೆತುಹೋಗಿದ್ದವು. ಎಲ್ಲದಕ್ಕೂ ಒಂದೇ ಮಾತು, "ಎಷ್ಟು ಚೆನ್ನಾಗಿದೆ." ಆಪಾನ ತಮ್ಮ ಅವರ ಬಣ್ಣದ ಪೆಟ್ಟಿಗೆಯನ್ನು ತಂದು ನನಗೆ ಕೊಟ್ಟರು, "ನಿಮಗೇ ಕೊಡು ಅಂದಿದ್ರು ಅಕ್ಕ."

ಈಗ ಭಾನುವಾರ ನಾನು ಬರೆಯುತ್ತೇನೆ. ಕಾಯುವುದು ಇನ್ನೂ ಬಂದಿಲ್ಲ. ಹೋದ ವಾರ ಬರೆದ ಹೂವಿನ ಮೂರನೆಯ ಎಸಳು ಸೊಟ್ಟಗಿತ್ತು, ನೆರಳೂ ಬೀಳಬೇಕಾದ ಕಡೆ ಬಿದ್ದಿರಲಿಲ್ಲ. ಫೋಟೊ ತೆಗೆದು ಶಾಲೆಯವರ ವಾಟ್ಸಾಪ್ ಗುಂಪಿಗೆ ಹಾಕಿ, "ಹೇಗಿದೆ?" ಎಂದು ಕೇಳಿದೆ. ಸಂಜೆಯವರೆಗೂ ಉತ್ತರಗಳು ಬರುತ್ತಲೇ ಇದ್ದವು. ಸೂಪರ್ ಮೇಡಂ, ತುಂಬಾ ಚೆನ್ನಾಗಿದೆ ಮೇಡಂ. ಎಲ್ಲವನ್ನೂ ಓದಿದೆ. ಸೊಟ್ಟಗಿದೆ ಎಂದು ಒಬ್ಬರೂ ಹೇಳಲಿಲ್ಲ.