ಲೂರ್ದು ಮಾತೆ ಹಬ್ಬದ ಅಡುಗೆಗೆ ಹೋದ ಬಿತ್ತನೆ ಮೆಣಸಿನಕಾಯಿ

ಚರ್ಚಿನಲ್ಲಿ ಕಾಣಿಕೆ ಒಪ್ಪಿಸುವವರ ಸಾಲಿನಲ್ಲಿ ಅತ್ತೆ ನನ್ನ ಮುಂದೆಯೇ ನಿಂತಿದ್ದರು. ಪೀಠಕ್ಕೆ ಇನ್ನು ನಾಲ್ಕೇ ಜನ. ಯಾಕೋ ಬಟ್ಟೆಯ ಗಂಟಿನೊಳಗೆ ಕೈ ಹಾಕಿದರು... ಕೈ ಅಲ್ಲೇ ನಿಂತಿತು.

"ಇದು ಸಾರಿಗ್ ಹಾಕೋ ಕಾಯಿ. ಬಿತ್ನೆ ಕಾಯಿ ಎಲ್ಲವ್ವ?"



ಮೊದಲೇ ಹೇಳಿಬಿಡುತ್ತೇನೆ, ತಪ್ಪು ಪೂರಾ ನನ್ನದೇ.

ನಮ್ಮದು ಮಸಿನಗುಡಿ. ಊಟಿಯಿಂದ ಕಲ್ಲಟ್ಟಿ ಘಾಟಿ ಇಳಿದರೆ ಚಳಿ ಹೋಗಿ ಬಿಸಿಲು ಬರುತ್ತದೆ, ಟೀ ಹೋಗಿ ಮೆಣಸಿನಕಾಯಿ ಬರುತ್ತದೆ. ಫೆಬ್ರವರಿಯಲ್ಲಿ ಕೊಯ್ಲು ಮುಗಿಯುವ ಹೊತ್ತಿಗೆ ಸರಿಯಾಗಿ ಲೂರ್ದು ಮಾತೆಯ ಹಬ್ಬ.

ನಮ್ಮ ಚರ್ಚಿಗೆ ಪ್ರತಿ ಮನೆಯಿಂದ ಎರಡು ಗಂಟು ಒಣಮೆಣಸಿನಕಾಯಿ ಹೋಗಬೇಕು. ಒಂದು, ಹಿಂದಿನ ದಿನವೇ ಹಬ್ಬದ ಅಡುಗೆಗೆ. ಇನ್ನೊಂದು ಬಿತ್ತನೆಯದು. ಅದನ್ನು ಪೂಜೆಯಲ್ಲಿ ಪೀಠದ ಮುಂದಿಟ್ಟು, ಫಾದರ್ ತೀರ್ಥ ಹಾಕಿದ ಮೇಲೆ ಮನೆಗೆ ತಂದು, ಜೂನ್‌ವರೆಗೆ ಒಲೆಯ ಮೇಲೆ ಹೊಗೆಯಲ್ಲಿ ಕಟ್ಟಿಡುತ್ತೇವೆ.

ನಾನು ಮದುವೆಯಾಗಿ ಬಂದ ನಾಲ್ಕು ವರ್ಷವೂ ಗಂಟು ಕಟ್ಟಿ ಕಳಿಸಿದ್ದು ಅತ್ತೆಯೇ. ಈ ಸಲ ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು, ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲಿದ್ದರು, ಎದ್ದು ಹೊರಗೆ ಬಂದದ್ದು ಹಬ್ಬದ ಪೂಜೆಗೇ.

ಮೊಳೆಯಲ್ಲಿ ಎರಡು ಗಂಟು ನೇತಾಡುತ್ತಿದ್ದವು. ಬಿಚ್ಚಿ ನೋಡಿದೆ. ಒಂದರಲ್ಲಿ ಕಡು ಕೆಂಪು ಕಾಯಿ, ಘಮ್ಮೆನ್ನುತ್ತಿತ್ತು. ಇನ್ನೊಂದರಲ್ಲಿ ಪೇಲವ ಕಾಯಿ, ಅಲ್ಲಲ್ಲಿ ಬಿಳಿ ಮಚ್ಚೆ.

ನಾನು ಗೂಡಲೂರು ಪೇಟೆಯಲ್ಲಿ ಬೆಳೆದವಳು. ಒಣಗಿದ ಮೇಲೆ ಯಾವ ಕಾಯಿ ಯಾವ ಗಿಡದ್ದೆಂದು ನನಗೆ ತಿಳಿಯುವುದಿಲ್ಲ. ಮಾತೆಯ ಹಬ್ಬಕ್ಕೆ ಮಚ್ಚೆ ಕಾಯಿ ಕಳಿಸಿದರೆ ಸೊಸೆ ಜಿಪುಣಿ ಅನ್ನುತ್ತಾರೆ ಎಂದುಕೊಂಡು, ಚೆಂದದ್ದನ್ನೇ ಅಡುಗೆಗೆ ಕೊಟ್ಟೆ.

ಅತ್ತೆಯನ್ನು ಕೇಳಬಹುದಿತ್ತು. ಕೇಳಲಿಲ್ಲ. ನಾಲ್ಕು ವರ್ಷದಿಂದ ಉಪ್ಪಿನಿಂದ ಹಿಡಿದು ಎಲ್ಲವನ್ನೂ ಕೇಳಿ ಕೇಳಿ ಸಾಕಾಗಿತ್ತು.

ಆ ಚೆಂದದ ಕಾಯಿ ಅತ್ತೆಯ ತವರಿನ ತಳಿ. ಮದುವೆಯಾಗಿ ಕೊಳ್ಳೇಗಾಲದ ಕಡೆಯಿಂದ ಬರುವಾಗ ಸೆರಗಿನಲ್ಲಿ ಕಟ್ಟಿ ತಂದದ್ದು. ಹೊಲಕ್ಕೆಲ್ಲ ಅಂಗಡಿ ಸಸಿ ಹಾಕಿದರೂ ಬಾವಿ ಪಕ್ಕದ ಎರಡು ಸಾಲು ಮಾತ್ರ ಅದರದ್ದೇ. ತವರಿನಲ್ಲಿ ಈಗ ಆ ಬೀಜ ಇಲ್ಲ. ನಮ್ಮ ಹೊಲದಲ್ಲೂ ಗಿಡ ಕಿತ್ತಾಗಿತ್ತು, ಮಿಕ್ಕ ಕಾಯಿ ಪುಡಿಯಾಗಿತ್ತು.

ಸಾಲು ಬಿಟ್ಟು ಚರ್ಚಿನ ಹಿಂದಕ್ಕೆ ಓಡಿದೆ. ಅಡುಗೆಯ ಉಸ್ತುವಾರಿ ನೋಡುವ ಸಗಾಯಮ್ಮ ದೊಡ್ಡ ಹಂಡೆಯಲ್ಲಿ ಸೌಟು ತಿರುಗಿಸುತ್ತಿದ್ದರು.

"ಬೆಳಿಗ್ಗೇನೇ ಹುರ್ದು ಅರ್ದಾಯ್ತಲ್ಲಮ್ಮಾ," ಎಂದರು ನೆಮ್ಮದಿಯಾಗಿ.

ಆದರೆ ಮಕ್ಕಳೂ ಉಣ್ಣಬೇಕಲ್ಲ, ಖಾರ ಕಮ್ಮಿಯಾಗಲೆಂದು ಹುರಿಯುವ ಮೊದಲೇ ಬೀಜ ಉದುರಿಸಿದ್ದರಂತೆ. ಅದು ಮೂಲೆಯ ಚೀಲದಲ್ಲಿತ್ತು. ಸಗಣಿಗೆ ಬೆರೆಸಿ ಹೊಲದಂಚಿನಲ್ಲಿ ಸುಟ್ಟರೆ ಆ ಘಾಟಿಗೆ ಆನೆ ಹತ್ತಿರ ಸುಳಿಯುವುದಿಲ್ಲ, ಅದಕ್ಕೆಂದು ಇಟ್ಟದ್ದು.

ಎಲ್ಲ ಮನೆಗಳ ಬೀಜವೂ ಒಟ್ಟಿಗೆ! ಬೀಜಕ್ಕೇನು ಹೆಸರು ಬರೆದಿರುತ್ತದೆಯೇ? ಬೊಗಸೆ ಬೊಗಸೆಯಾಗಿ ಸೆರಗಿಗೆ ತುಂಬಿಕೊಂಡೆ.

ಪೂಜೆಯಲ್ಲಿ ಮುಂದೆ ಏನಾಯಿತೋ ಒಂದೂ ಕಿವಿಗೆ ಬೀಳಲಿಲ್ಲ. ಕೈ ಉರಿ, ಅದೇ ಕೈಯಲ್ಲಿ ಕಣ್ಣುಜ್ಜಿ ಕಣ್ಣೂ ಉರಿ. ಪಕ್ಕದವರು ಎಂಥ ಭಕ್ತಿ ಅಂದುಕೊಂಡಿರಬೇಕು.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಹಬ್ಬದ ಊಟದಲ್ಲಿ ನಾನು ನಿಜಕ್ಕೂ ಅದನ್ನೇ ಉಂಡೆ. ಅತ್ತೆ ಮೊದಲ ತುತ್ತನ್ನು ಬಹಳ ಹೊತ್ತು ಅಗಿದರು. ಆಮೇಲೆ ಸಾರನ್ನು ಇನ್ನೊಂದು ಸಲ ಹಾಕಿಸಿಕೊಂಡರು.

ಮನೆಗೆ ಬಂದು ತಪ್ಪಾಯಿತು ಎಂದೆ. ಬೀಜ ನೆರಳಲ್ಲಿ ಹರವು ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಜೂನ್‌ನಲ್ಲಿ ಅಷ್ಟನ್ನೂ ಬಿತ್ತಿದೆವು. ಮೊಳಕೆ ಬಂದಾಗ ನೋಡಿದೆ, ಎಲ್ಲಾ ಒಂದೇ ಥರ. ಹೂ ಬಿಟ್ಟಾಗ ನೋಡಿದೆ, ಎಲ್ಲಾ ಬಿಳಿ. ಮುಖ ತೊಳೆಯುವ ಮೊದಲೇ ಹೊಲಕ್ಕೆ ಹೋಗುವುದು ಅಭ್ಯಾಸವಾಯಿತು. ಅತ್ತೆಯ ತಳಿ ಇದರಲ್ಲಿ ಒಂದು ಗಿಡವಾದರೂ ಇದೆಯೋ, ಇಲ್ಲವೋ...

ಈಗ ಕಾಯಿ ಬಲಿತಿದೆ. ಇವತ್ತು ಹೋದರೆ ಅತ್ತೆ ನನಗಿಂತ ಮೊದಲೇ ಅಲ್ಲಿದ್ದರು. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ, ಆದರೂ ಕಣ್ಣು ಮುಚ್ಚಿಕೊಂಡು ಗಿಡ ಗಿಡದ ಕಾಯಿ ಸವರುತ್ತಿದ್ದಾರೆ.

ಮೂರನೇ ಸಾಲಿನ ಒಂದು ಗಿಡದ ಹತ್ತಿರ ಕೈ ನಿಂತಿತು. ಹಳೇ ಸೀರೆಯ ಚೂರೊಂದನ್ನು ಅದರ ಕೊಂಬೆಗೆ ಕಟ್ಟಿದರು. ನನ್ನ ಕೈ ಹಿಡಿದು ಆ ಕಾಯಿಯ ಮೇಲಿಟ್ಟರು. ತೊಟ್ಟಿನ ಕೆಳಗೆ ಒಂದು ಸಣ್ಣ ಸುಕ್ಕು, ಅವರ ತಳಿಯ ಗುರುತು.



ಆಮೇಲೆ ಇನ್ನೊಂದು ಚೂರು ಕೊಟ್ಟು, "ಈ ಸಲ ಬಿತ್ನೆಗೆ ನೀನೇ ಆರ್ಸವ್ವ," ಎಂದು ಮನೆ ಕಡೆ ನಡೆದುಬಿಟ್ಟರು.

ಬೆಳಿಗ್ಗೆಯಿಂದ ಆ ಬಟ್ಟೆ ನನ್ನ ಕೈಯಲ್ಲೇ ಇದೆ. ಆ ಸುಕ್ಕಿಗಾಗಿ ಕಾಯಿ ಸವರುತ್ತಾ ಎಲ್ಲ ಸಾಲೂ ತಿರುಗಿದೆ, ಒಮ್ಮೆ ಯಾವುದೂ ನಮ್ಮದಲ್ಲ ಅನ್ನಿಸುತ್ತದೆ, ಇನ್ನೊಮ್ಮೆ ಎಲ್ಲವೂ ನಮ್ಮದೇ ಅನ್ನಿಸುತ್ತದೆ...

ನೀವಾಗಿದ್ದರೆ ಯಾವುದಕ್ಕೆ ಕಟ್ಟುತ್ತಿದ್ದಿರಿ?