ಈ ನೀರು ನಂಬಬೇಡಿ

ನಮ್ಮ ಚಿಕ್ಕಮ್ಮನಷ್ಟು ಶಿಸ್ತಿನ ಹೆಂಗಸನ್ನು ನಾನು ಕಂಡಿಲ್ಲ. ಹದಿನೆಂಟು ವರ್ಷದಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಗುಡ್ಡ ಹತ್ತಿ, ಕಾಡಂಚಿನ ಕಂಬಕ್ಕೆ ಕಟ್ಟಿದ ಆಲಿಕೆಯಡಿಯಿಂದ ಮಳೆನೀರಿನ ಬಾಟಲಿ ಬಿಚ್ಚಿ, ತೊಳೆದ ಇನ್ನೊಂದನ್ನು ಸಿಕ್ಕಿಸಿ ಬರುವುದು ಅವಳ ಕೆಲಸ. ತುಂಬಿದ ಬಾಟಲಿ ಪರೀಕ್ಷೆಗೆಂದು ಪ್ರಯೋಗಾಲಯಕ್ಕೆ ಹೋಗುತ್ತದೆ.

"ಮಳೆನೀರಲ್ಲಿ ಏನಿರುತ್ತೆ ಚಿಕ್ಕಮ್ಮಾ, ನೀರು ತಾನೆ?" ಅಂದರೆ ಸಾಕು, ಶುರು.

"ಗಾಳೀಲಿ ಮುಕ್ಕಾಲಿಗಿಂತ ಜಾಸ್ತಿ ಸಾರಜನಕವೇ ಕಣೋ. ಆದ್ರೆ ಅದು ಹಾಗೇ ಮರಕ್ಕೆ ದಕ್ಕಲ್ಲ. ಗೊಬ್ಬರದಿಂದ, ಕೋಳಿ ಹಿಕ್ಕೆಯಿಂದ ಅಮೋನಿಯಾ ಆಗಿ ಮೇಲೆದ್ದು, ಮಳೆ ಜೊತೆ ಇಳಿದ್ರೆ ದಕ್ಕುತ್ತೆ. ಸ್ವಲ್ಪ ಬಿದ್ರೆ ಕಾಡಿಗೆ ಊಟ, ಅತಿ ಆದ್ರೆ ಅಜೀರ್ಣ. ನಮ್ಮೂರ ಕೆರೆ ಹಸಿರುಗಟ್ಟಿರೋದು ಮತ್ಯಾಕೆ ಅಂದ್ಕೊಂಡೆ?"

ಓದಿದ್ದು ಏಳನೇ ಕ್ಲಾಸು, ನೋಡಿ!

ಈ ವರ್ಷ ಪ್ರಯೋಗಾಲಯಕ್ಕೆ ಹೊಸ ಸಾಹೇಬರು ಬಂದರು. ಮಳೆನೀರಿನಲ್ಲಿ ಅಮೋನಿಯಾ ವರ್ಷದಿಂದ ವರ್ಷಕ್ಕೆ ಏರಿದ್ದು ಕಂಡು ಚಿಕ್ಕಮ್ಮನನ್ನು ಕರೆಸಿದರು. ಸ್ಕೂಟರಿನಲ್ಲಿ ಕರೆದೊಯ್ದವನು ನಾನೇ.

"ಅಮ್ಮಾ, ಹಕ್ಕಿ ಹಿಕ್ಕೆಯೋ ಕೈ ಕೊಳೆಯೋ ಸೇರಿರಬೇಕು. ಈ ಅಂಕಿಗಳನ್ನ ನಂಬೋ ಹಾಗಿಲ್ಲ. ಹದಿನೆಂಟು ವರ್ಷದ್ದೂ ತೆಗೆದುಹಾಕ್ತೀವಿ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷ ಗುಡ್ಡ ಹತ್ತಿದ ಕಾಲಿಗೆ ಇದಾ ಮರ್ಯಾದೆ? ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ತೋಳು ಚಿವುಟಿದಳು.

"ಸೇರಿದೆ ಸಾರ್. ಯಾವ್ಯಾವ ವಾರ ಅಂತ ಬಾಟಲಿ ಜೊತೆ ಚೀಟಿ ಕಳಿಸ್ತಿದ್ದೆ. ಯಾರೂ ಓದಿಲ್ಲ ಅನ್ಸುತ್ತೆ. ನಕಲು ಇಲ್ಲಿದೆ" ಎಂದು ಚೀಲದಿಂದ ಮೂರು ನೋಟುಬುಕ್ಕು ತೆಗೆದಿಟ್ಟಳು.

ಸಾಹೇಬರು ಓದತೊಡಗಿದರು. 'ಆಲಿಕೆಯಲ್ಲಿ ಕಾಗೆ ಹಿಕ್ಕೆ. ಈ ನೀರು ನಂಬಬೇಡಿ.' 'ನನ್ನ ಬೆವರು ಬಿತ್ತು. ಈ ನೀರು ನಂಬಬೇಡಿ.' ಅಂಥವು ಒಟ್ಟು ನಲವತ್ತೊಂದು. ಅಷ್ಟನ್ನೂ ಬಿಟ್ಟು ಕಂಪ್ಯೂಟರಿನಲ್ಲಿ ಮತ್ತೆ ಲೆಕ್ಕ ಹಾಕಿದರು. ಗುಡ್ಡದ ಕೆಳಗೆ ಕೋಳಿ ಶೆಡ್ಡುಗಳು ಎದ್ದ ವರ್ಷದಿಂದ ಅಮೋನಿಯಾ ಏರಿದ್ದು ಏರಿದ ಹಾಗೇ ಇತ್ತು.

ಸಾಹೇಬರು ಎದ್ದು ನಿಂತರು. "ತಪ್ಪಾಯ್ತಮ್ಮಾ. ಉಳಿದಿದ್ದರಲ್ಲಿ ಒಂದು ಹನೀನೂ ಬಿಡಲ್ಲ."

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೀರು ಕೇಳಿದಳು. ನಾನು ಅಷ್ಟರಲ್ಲಿ ಎರಡನೇ ಪುಸ್ತಕ ತಿರುವುತ್ತಿದ್ದೆ. ಚಿಕ್ಕಪ್ಪ ತೀರಿಹೋದ ಮೂರನೇ ದಿನ ಮಂಗಳವಾರ. ಆವತ್ತೂ ಗುಡ್ಡ ಹತ್ತಿದ್ದಾಳೆ! ಮನೆಯಲ್ಲಿ ಯಾರ ಮುಂದೆಯೂ ಅವಳು ಅತ್ತಿರಲಿಲ್ಲ. ಕಲ್ಲು ಮನಸ್ಸಿನವಳು ಅಂತ ನಾನೂ ಆಡಿಕೊಂಡಿದ್ದೆ. ಆ ತಾರೀಕಿನ ಮುಂದೆ ಅವಳ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಬಾಟಲಿ ಬಿಚ್ಚುವಾಗ ಕಣ್ಣೀರು ಬಿತ್ತು. ಈ ನೀರು ನಂಬಬೇಡಿ.'