ಕಬ್ಬಾಳುದುರ್ಗದಲ್ಲಿ ನನ್ನ ಕೈ ಹಿಡಿದವಳು

೧೯೭೪ನೇ ಇಸವಿ. ಮಂಡ್ಯದಿಂದ ಮಳವಳ್ಳಿಗೆ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಅಕ್ಕನ ಹೆರಿಗೆಗೆ ತವರಿಗೆ ಹೋಗುತ್ತೇನೆಂದರೆ ಅತ್ತೆ ಬೇಡವೆಂದರು. ನಮ್ಮ ಯಜಮಾನರು ತುಟಿ ಬಿಚ್ಚಲಿಲ್ಲ. ಅಳುತ್ತಲೇ ದಿನ ಕಳೆದೆ. ಭಾನುವಾರ ಬೆಳಿಗ್ಗೆ ಅವರೇ, "ಮನೆಯಲ್ಲಿ ಕೂತು ಕೊರಗಬೇಡ, ಕಬ್ಬಾಳುದುರ್ಗ ನೋಡಿಕೊಂಡು ಬರೋಣ" ಎಂದರು. ಮನಸ್ಸಿಲ್ಲದಿದ್ದರೂ ಹೊರಟೆ.

ಸಾತನೂರಿನಲ್ಲಿ ಬಸ್ಸು ಬದಲಾಯಿಸಿ ಕಬ್ಬಾಳಿನಲ್ಲಿ ಇಳಿದೆವು. ಬೆಟ್ಟವೆಂದರೆ ಬೋಳು ಬಂಡೆ, ತಲೆಯ ಮೇಲೆ ಹಳೆಯ ಕೋಟೆ. ಹಿಂದೆ ಅಲ್ಲಿ ಸೆರೆಯಾಳುಗಳನ್ನು ಇಡುತ್ತಿದ್ದರಂತೆ. ಯಜಮಾನರು ಮುಂದೆ, ನಾನು ಹಿಂದೆ ನಡೆದೆವು.

ಬುಡದಲ್ಲಿ ಅಮ್ಮನವರ ಗುಡಿಯ ಹತ್ತಿರವೇ ಒಬ್ಬ ಹೆಂಗಸು ನಮ್ಮ ಬೆನ್ನು ಹತ್ತಿದಳು. ಐವತ್ತರ ಆಸುಪಾಸು, ಸೊಂಟದಲ್ಲಿ ಕುಡುಗೋಲು.

"ಯಾವೂರವ್ವ?" ಎಂದಳು.

"ಮಳವಳ್ಳಿ."

"ಇವ್ರು ನಿನ್ ಗಂಡನಾ?"

ಹೌದೆಂದು ತಲೆಯಾಡಿಸಿದೆ.

"ಅಮ್ಮನ ಪೂಜೆಗೆ ಅಣ್ಣೂ ಇಲ್ಲ, ಕಾಯೂ ಇಲ್ಲ. ಇಲ್ಗೆ ಬಂದಿರಾದು ಮನೇಲಿ ಗೊತ್ತಾ?"

ಯಜಮಾನರು ತಿರುಗಿ ನಿಂತು, "ಅದೆಲ್ಲ ನಿನಗ್ಯಾಕಮ್ಮ?" ಎಂದು ಗದರಿಸಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಬಳೆ ಮೇಲೆ ಕಣ್ಣಿಟ್ಟಿದ್ದಾಳೆ. ಸೆರಗು ಮುಚ್ಚಿಕೋ" ಎಂದರು. ಮದುವೆಯಲ್ಲಿ ಹಾಕಿದ್ದ ಚಿನ್ನದ ಬಳೆಗಳು ಕೈಯಲ್ಲಿದ್ದವು.

ಬಂಡೆಯಲ್ಲಿ ಕೊರೆದ ಮೆಟ್ಟಿಲು ಹತ್ತಿದೆವು. ನಾವು ನಿಂತರೆ ಅವಳೂ ನಿಲ್ಲುತ್ತಿದ್ದಳು. ಹುಲ್ಲಿಗೆ ಬಂದವಳಾದರೆ ಹುಲ್ಲು ಕೊಯ್ಯಬೇಕಿತ್ತು, ಕುಡುಗೋಲು ಸೊಂಟದಿಂದ ಈಚೆಗೇ ಬರಲಿಲ್ಲ. ಮೇಲೆ ಇವಳ ಕಡೆಯವರು ಕಾದಿದ್ದರೆ ಏನು ಗತಿ ಎಂದು ನಾನು ಯಜಮಾನರ ಹತ್ತಿರಕ್ಕೆ ಸರಿದೆ. ಯಜಮಾನರು ಒಂದು ಕಲ್ಲು ಎತ್ತಿಕೊಂಡರು.

ಕೋಟೆಯೊಳಗೆ ನರಪಿಳ್ಳೆಯೂ ಇರಲಿಲ್ಲ. ಗೋಡೆ ಕುಸಿದಿದ್ದ ಒಂದು ಕಡೆ ಯಜಮಾನರು ಬಂಡೆಯ ಅಂಚಿಗೆ ಹೋಗಿ, "ಬಾ, ಇಲ್ಲಿಂದ ಕೆಳಗಿನ ಊರೆಲ್ಲ ಕಾಣುತ್ತೆ" ಎಂದು ಕರೆದರು. ನಾನು ಹೆಜ್ಜೆ ಎತ್ತಿದ್ದೆ ಅಷ್ಟೇ, ಆ ಹೆಂಗಸು ಹಿಂದಿನಿಂದ ನನ್ನ ಮುಂಗೈ ಹಿಡಿದಳು. ಬಳೆಗಳು ಮಾಂಸಕ್ಕೆ ಒತ್ತಿದವು.

"ಓಗ್ಬ್ಯಾಡ ಕಣವ್ವ."

ಯಜಮಾನರು ಕೈಯಲ್ಲಿದ್ದ ಕಲ್ಲೆತ್ತಿ ಓಡಿಬಂದರು. "ಬಿಡು ಅವಳನ್ನ. ಬಳೆ ಬೇಕಾ ನಿನಗೆ?"

"ನಿನ್ ಬಳೆ ಯಾವನಿಗ್ ಬೇಕು? ಅಲ್ಲೇ ನಿಂತ್ಕೊ. ಅತ್ತೂ ಅತ್ತೂ ಕಣ್ಣು ಊದಿಸ್ಕೊಂಡಿರೋ ಎಂಗ್ಸನ್ನ ತುದೀಗ್ಯಾಕೆ ಕರೀತೀಯ ನೀನು?"

ಯಜಮಾನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಲ್ಲು ಕೆಳಗೆ ಹಾಕಿ ಅಲ್ಲೇ ಕೂತರು.

ಅವಳು ನನ್ನ ಕೈ ಬಿಡದೆ ಹೇಳಿದಳು: "ನನ್ ತಂಗಿನೂ ಇಂಗೇ ಕರ್ಕಂಡ್ ಬಂದಿದ್ದ ಅವಳ ಗಂಡ. ಕಾಲ್ಜಾರಿ ಬಿದ್ಲು ಅಂದ. ನೋಡ್ದೋರು ಯಾರು?"

ಇಳಿಯುವಾಗ ಯಜಮಾನರನ್ನು ಮುಂದೆ ಬಿಟ್ಟು ಅವಳು ನನ್ನ ಜೊತೆಗೆ ನಡೆದಳು. ಕೋಟೆಯ ಕೆಳಗಿನ ಬಾಗಿಲ ಹತ್ತಿರ ಬಂದಾಗ, "ಒಡೀತಾನಾ?" ಎಂದು ಕೇಳಿದಳು.

"ಇಲ್ಲ."

"ಅವಳೂ ಇಲ್ಲ ಅಂತ್ಲೇ ಅಂತಿದ್ಲು. ಯಾವತ್ತಾರ ಬೇಕಾದ್ರೆ ಇಲ್ಲಿ ಸಣ್ಣಮ್ಮನ ಮನೆ ಯಾವ್ದು ಅಂತ ಕೇಳ್ಕಂಡ್ ಬಾ."

ಬಸ್ಸಿನಲ್ಲಿ ಯಜಮಾನರು, "ನೀನು ಅವಳ ಹತ್ತಿರ ಏನಾದರೂ ಹೇಳಿದೆಯಾ?" ಎಂದರು. ಏನೂ ಹೇಳಿಲ್ಲವೆಂದೆ. ಹಲಗೂರು ದಾಟಿದ ಮೇಲೆ ಮತ್ತೆ ಅದನ್ನೇ ಕೇಳಿದರು. ನಂಬಿದರೋ ಇಲ್ಲವೋ. ಮಾರನೆಯ ದಿನ ತಾಯಿಗೆ ತಾವೇ ಹೇಳಿ ನನ್ನನ್ನು ಮಂಡ್ಯದ ಬಸ್ಸು ಹತ್ತಿಸಿದರು.

ಅವರು ಕೆಟ್ಟವರಲ್ಲ. ಒಂದು ದಿನವೂ ನನ್ನ ಮೇಲೆ ಕೈ ಮಾಡಿದವರಲ್ಲ. ಆದರೆ ತವರಿನಲ್ಲಿ ಎಲ್ಲರೂ ಹೊಂದಿಕೊಂಡು ಹೋಗು ಎಂದರೇ ಹೊರತು, ಸಣ್ಣಮ್ಮ ಕೇಳಿದ ಮಾತನ್ನು ಹೆತ್ತ ತಾಯಿಯೂ ಕೇಳಿರಲಿಲ್ಲ. ನನ್ನ ಮಗಳು ಮದುವೆಯಾಗಿ ಮೊದಲ ಸಲ ಮನೆಗೆ ಬಂದಾಗ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನಾನು ಅದನ್ನೇ ಕೇಳಿದೆ. "ಇಲ್ಲಮ್ಮ" ಎಂದಳು. ಆದರೂ ಅವಳ ಮುಖವನ್ನು ಒಂದಷ್ಟು ಹೊತ್ತು ನೋಡುತ್ತಲೇ ನಿಂತಿದ್ದೆ.